ವೇಗದ ತುಲನೆಯೂ ಅಳತೆಯ ಪ್ರಾಮಾಣ್ಯವೂ

ಅಮೆರಿಕದ ಫುಟ್‌ಬಾಲ್ ಆಟಗಾರರು ಒಲಿಂಪಿಕ್ ಓಟಗಾರರಿಗಿಂತಲೂ ಚುರುಕಾದವರೆಂಬ ವಾದವುಂಟು. 2024ರ ಆಟಗಾರರ ಪರೀಕ್ಷೆಯಲ್ಲಿ ಝೇವಿಯರ್ ವರ್ದಿ ಅವರು 40 ಗಜಗಳನ್ನು 4.21 ಸೆಕೆಂಡುಗಳಲ್ಲಿ ಓಡಿದರು. 2009ರ ಬರ್ಲಿನ್ ಓಟದಲ್ಲಿ ಉಸೇನ್ ಬೋಲ್ಟ್ ಅವರಿಗೆ 40 ಮೀಟರುಗಳಿಗೆ 4.64 ಸೆಕೆಂಡುಗಳು ಹಿಡಿದವು. ಆದರೆ ಈ ಅಂಕೆಗಳು ಹುಟ್ಟಿದ ಬಗೆಯನ್ನು ನಾವು ವಿಚಾರಿಸಬೇಕು. 40 ಗಜವೆಂದರೆ 36.58 ಮೀಟರು ಮಾತ್ರ. ಅಲ್ಲದೆ ಆಟಗಾರನ ಕಾಲವನ್ನು ಅವನ ಮೊದಲ ಚಲನೆಯಿಂದಲೂ ಓಟಗಾರನ ಕಾಲವನ್ನು ಪಿಸ್ತೂಲಿನ ಸದ್ದಿನಿಂದಲೂ ಎಣಿಸುವರು. ಬೋಲ್ಟರ ಪ್ರತಿಕ್ರಿಯೆಗೇ 0.146 ಸೆಕೆಂಡು ಸಂದಿತ್ತು. ಇವೆರಡನ್ನೂ ಕಳೆದರೆ ಅವರ ಕಾಲ ಸುಮಾರು 4.20 ಸೆಕೆಂಡಿಗೆ ಇಳಿಯುವುದು. ಎಂದರೆ, ಆರಂಭದಲ್ಲಿ ಇಬ್ಬರೂ ಬಹುಮಟ್ಟಿಗೆ ಸಮಾನರು. ಅಂತರವು ದೂರ ಹೆಚ್ಚಿದಂತೆ ತೋರುವುದು: ಬೋಲ್ಟರು ಅಂದು 100 ಮೀಟರನ್ನು 9.58 ಸೆಕೆಂಡುಗಳಲ್ಲಿ ಮುಗಿಸಿದರು. 2021ರಲ್ಲಿ ಫುಟ್‌ಬಾಲ್ ಆಟಗಾರ ಡಿ. ಕೆ. ಮೆಟ್ಕಾಫ್ ಅವರು 10.36 ಸೆಕೆಂಡುಗಳಲ್ಲಿ ಓಡಿ ತಮ್ಮ ಸರದಿಯಲ್ಲಿ ಕಡೆಯವರಾದರು. ಸಾಕ್ಷ್ಯವನ್ನು ನಂಬುವ ಮುನ್ನ ಅದರ ಮೂಲವನ್ನು ಶೋಧಿಸಬೇಕೆಂಬ ಇತಿಹಾಸಕಾರನ ನಿಯಮವು ಕ್ರೀಡಾಂಗಣಕ್ಕೂ ಸಲ್ಲುತ್ತದೆ.