ತೂಬಿನ ಕೀಲಿ ಯಾರ ಕೈಯಲ್ಲಿ?

(ಬಾನುಲಿ ಭಾಷಣ)

ಮಕ್ಕಳ ನಾಲಿಗೆಯನ್ನು ಪರೀಕ್ಷಿಸಲೆಂದು ನಮ್ಮಲ್ಲಿ ಹೇಳಿಕೊಡುವ ಒಂದು ಆಟದ ಮಾತಿದೆ. ತರೀಕೆರೆಯ ಏರಿಯ ಮೇಲೆ ಮೂರು ಕರಿಯ ಕುರಿಮರಿಗಳನ್ನು ಮೇಯಲು ಬಿಟ್ಟು, ಅದನ್ನು ತಡವರಿಸದೆ ಬೇಗಬೇಗನೆ ಹೇಳು ನೋಡೋಣ ಎಂದು ಸವಾಲು ಹಾಕುವ ಮಾತು ಅದು. ಮದಗದ ಕೆರೆಗೆ ಮಳೆ ಬಂದುದನ್ನು ಹಾಡುವ ಜನಪದ ಗೀತೆಯನ್ನು ಕೇಳದ ಕನ್ನಡಿಗರು ವಿರಳ. ಆ ಕೆರೆ ನಮ್ಮದೇ ಎಂದು ಕಡೂರಿನವರು ಹೆಮ್ಮೆಪಡುತ್ತಾರೆ. 'ಕೆರೆಗೆ ಹಾರ'ದ ಭಾಗೀರಥಿಯಂತೂ ನಮ್ಮ ಸಾಹಿತ್ಯಪ್ರಜ್ಞೆಯಲ್ಲಿ ನೆಲೆಯಾಗಿ ನಿಂತಿದ್ದಾಳೆ. ಕೆರೆ ಕಟ್ಟಿಸಿದ ಪುಣ್ಯವಂತರು, ಕೆರೆಗಾಗಿ ಪ್ರಾಣ ತೆತ್ತವರು, ಕೆರೆ ತುಂಬಿದಾಗ ಬಾಗಿನ ಅರ್ಪಿಸಿದವರು, ಇವರೆಲ್ಲ ನಮ್ಮ ಹಾಡುಗಳಲ್ಲಿ, ಕಥೆಗಳಲ್ಲಿ, ಶಾಸನಗಳಲ್ಲಿ ಇದ್ದಾರೆ. ಆದರೆ ಕಟ್ಟಿದ ಕೆರೆಯನ್ನು ವರ್ಷ ವರ್ಷವೂ ನಡೆಸಿಕೊಂಡು ಹೋದವರು ಯಾರು? ತೂಬನ್ನು ಎಂದು ತೆಗೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಹೂಳೆತ್ತುವ ಖರ್ಚನ್ನು ಯಾರು ಕೊಡಬೇಕು ಎಂಬುದನ್ನು ನಿರ್ಧರಿಸಿದವರು ಯಾರು? ಈ ಪ್ರಶ್ನೆ ಹಾಡಿನ ವಸ್ತುವಲ್ಲ, ಲೆಕ್ಕದ ಪುಸ್ತಕದ ವಸ್ತು. ಕೆರೆಗಳ ಅಳಿವು ಉಳಿವು ಮಾತ್ರ ಇದನ್ನೇ ಅವಲಂಬಿಸಿದೆ. ಆದುದರಿಂದ ಈ ಹೊತ್ತು ಆ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಮೊದಲು ನೆಲದ ಸ್ವರೂಪವನ್ನು ನೋಡೋಣ. ಬಾಬಾಬುಡನ್ ಗಿರಿಶ್ರೇಣಿಯು ಪಡುವಣ ಮೋಡಗಳನ್ನು ತಡೆದು ನಿಲ್ಲಿಸುತ್ತದೆ. ಬೆಟ್ಟದ ಮಗ್ಗುಲಲ್ಲಿ ಕಾಫಿ, ಏಲಕ್ಕಿ. ಅದರ ಬೆನ್ನಿಗೇ ಮೂಡಲಲ್ಲಿ ಬಯಲು ಸೀಮೆ. ತರೀಕೆರೆ ಮಲೆನಾಡಿನ ಅಂಚಿಗೆ ಆತುಕೊಂಡಿದೆ. ಕಡೂರು ಮಳೆಯ ನೆರಳಿನಲ್ಲಿ ಬಿದ್ದಿದೆ. ಅಮೃತಮಹಲ್ ತಳಿಯ ದನಗಳಿಂದ ಹೆಸರಾದ ಅಜ್ಜಂಪುರ, 2018ರಲ್ಲಿ ಪ್ರತ್ಯೇಕ ತಾಲ್ಲೂಕಾದ ಊರು, ಚಿತ್ರದುರ್ಗದ ಒಣನೆಲಕ್ಕೆ ಬಾಗಿಲಿನಂತಿದೆ. ಬೆಟ್ಟದಲ್ಲಿ ಹುಟ್ಟುವ ವೇದಾ ಹೊಳೆ ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆಯನ್ನು ತುಂಬುತ್ತದೆ. ಅವತಿ ಎಂಬುದು ಮದಗದ ಕೆರೆಯನ್ನು ತುಂಬುತ್ತದೆ. ಇವೆರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹಿರಿಯೂರಿನತ್ತ ಹರಿದು, 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವನ್ನು ಸೇರುತ್ತವೆ. ಅಂದರೆ ಇಲ್ಲಿ ಯಾವ ಕೆರೆಯೂ ಒಂಟಿಯಲ್ಲ. ಮೇಲಿನ ಕೆರೆಯ ಕೋಡಿಯೇ ಕೆಳಗಿನ ಕೆರೆಯ ಹುಟ್ಟು. ಮೇಲಿನ ಊರಿನವರು ಕೋಡಿಯನ್ನು ಒಂದು ಮೊಳ ಎತ್ತರಿಸಿದರೆ ಕೆಳಗಿನ ಊರಿನವರ ಪಾಲು ಅಷ್ಟಕ್ಕಷ್ಟು ಇಳಿಯಿತು. ಕೆರೆಯ ಆಡಳಿತವೆಂದರೆ ನೆರೆಹೊರೆಯ ಆಡಳಿತ.

ಕೆರೆಯ ಒಂದೊಂದು ಅಂಗವೂ ಒಂದೊಂದು ವ್ಯಾಜ್ಯಕ್ಕೆ ಮೂಲ. ಏರಿ ಎಲ್ಲರನ್ನೂ ಕಾಯುತ್ತದೆ, ಆದ್ದರಿಂದಲೇ ಅದನ್ನು ಕಾಯುವುದು ತನ್ನ ಕೆಲಸವೆಂದು ಯಾರೂ ಭಾವಿಸುವುದಿಲ್ಲ. ಗಿಡಗಂಟಿ ಬೆಳೆದು, ಬೇರು ಒಳಗಿಳಿದು, ಬೇರು ಸತ್ತ ಜಾಗದಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಇಲಿ, ಏಡಿಗಳು ಬಿಲ ತೋಡುತ್ತವೆ. ದನಗಳ ಗೊರಸಿನಿಂದ ಮಣ್ಣು ಕುಸಿಯುತ್ತದೆ. ಆಟದ ಮಾತಿನ ಆ ಮೂರು ಕುರಿಮರಿಗಳಿಂದ ಏರಿಗೆ ಕೇಡಾಗಲಿಕ್ಕಿಲ್ಲ. ಮುನ್ನೂರಾದರೆ ಸಂಘದ ಸಭೆ ಕರೆಯಬೇಕಾಗುತ್ತದೆ. ತೂಬು ಅಚ್ಚುಕಟ್ಟಿನವರ ಸ್ವತ್ತಿನಂತಿದೆ, ಆದರೆ ಕೆರೆಯ ನೀರು ದನಕರುಗಳಿಗೂ ಅಗಸರಿಗೂ ಬೇಕು. ಕೆರೆಯ ಅಂಗಳ ಬೇಸಗೆಯಲ್ಲಿ ಒಣಗಿದಾಗ ಅಂಚಿನ ಜಮೀನಿನವನ ನೇಗಿಲು ಪ್ರತಿ ವರ್ಷ ಎರಡು ಸಾಲು ಒಳಗೆ ಬರುತ್ತದೆ. ಹತ್ತು ವರ್ಷಕ್ಕೆ ಅದೇ ಒಂದು ತೋಟ. ಮಳೆನೀರು ತರುವ ಕಾಲುವೆಯ ಗತಿಯೂ ಇದೇ. ಕೆರೆಗೆ ಹೂಳು ತುಂಬಿತೆಂದು ಕೂಗುವವರು ಬಹಳ; ಕಾಲುವೆ ಮುಚ್ಚಿತೆಂದು ಕೂಗುವವರು ಕಡಿಮೆ, ಏಕೆಂದರೆ ಮುಚ್ಚಿದವರು ಊರಿನೊಳಗೇ ಇರುತ್ತಾರೆ.

ಇವನ್ನೆಲ್ಲ ನಮ್ಮ ಹಿಂದಿನವರು ಹೇಗೆ ನಿಭಾಯಿಸಿದರು? ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿದವರಿಗೆ, ಒಡೆದುದನ್ನು ಸರಿಪಡಿಸಿದವರಿಗೆ, ಬಂಡಿ ಕಟ್ಟಿ ಹೂಳು ಹೊರುವವರಿಗೆ ಕೆರೆಯ ಕೆಳಗಿನ ಭೂಮಿಯಲ್ಲೋ ಬೆಳೆಯಲ್ಲೋ ಒಂದು ಪಾಲನ್ನು ಎತ್ತಿಡುವ ಏರ್ಪಾಡುಗಳಿವು. ರಾಜನ ಔದಾರ್ಯವನ್ನು ನೆಚ್ಚಿ ಕುಳಿತುಕೊಳ್ಳದೆ, ಕೆರೆಯ ಫಲದಿಂದಲೇ ಕೆರೆಯ ಖರ್ಚು ಹುಟ್ಟಬೇಕೆಂಬುದು ಇದರ ತಿರುಳು. ರುಕ್ಮಾಂಗದರಾಯನು ಕಟ್ಟಿಸಿದನೆಂದು ಹೇಳುವ ಅಯ್ಯನಕೆರೆ, ಹೊಯ್ಸಳರ ಆಳ್ವಿಕೆಯ 1156ರಲ್ಲಿ ಜೀರ್ಣೋದ್ಧಾರವಾಗಿ, ಇಂದಿಗೂ ನೀರು ಹಿಡಿದು ನಿಂತಿದೆ. ಎಂಟುನೂರು ವರ್ಷ ಬಾಳುವ ಕಟ್ಟೆಯನ್ನು ಒಬ್ಬ ಅರಸನು ಕಟ್ಟಿಸಬಹುದು, ಬಾಳಿಸಲಾರ. ಬಾಳಿಸುವುದು ಮುಂದಿನ ಮೂವತ್ತು ತಲೆಮಾರಿನ ಕೆಲಸ.

ದಿನದ ಕೆಲಸ ನೀರುಗಂಟಿಯದು. ತೂಬು ತೆಗೆಯುವವನು, ಮುಚ್ಚುವವನು, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವವನು, ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ತಿರುಗುವವನು ಅವನು. ಅವನ ಸಂಬಳ ಕಣದಲ್ಲಿ ಅಳೆದು ಕೊಡುವ ಆಯ. ಮಳೆ ಕಡಿಮೆಯಾದ ವರ್ಷಗಳಲ್ಲಿ ಹಳೆಯ ಮೈಸೂರಿನ ಹಲವು ಕೆರೆಗಳಲ್ಲಿ ದಾಮಾಶಾ ಎಂಬ ಪದ್ಧತಿಯಿತ್ತು. ಕೆರೆಯಲ್ಲಿ ಅರ್ಧ ನೀರಿದ್ದರೆ ಅಚ್ಚುಕಟ್ಟಿನ ಅರ್ಧವನ್ನು ಮಾತ್ರ, ಅದೂ ತೂಬಿಗೆ ಹತ್ತಿರದ ಅರ್ಧವನ್ನು ಬಿತ್ತುವುದು. ಆ ಅರ್ಧದಲ್ಲಿ ಎಲ್ಲ ರೈತರಿಗೂ, ಕಡೆಯ ಗದ್ದೆಯವನಿಗೂ, ಅವರವರ ಹಿಡುವಳಿಗೆ ತಕ್ಕ ಪಾಲು ಕೊಡುವುದು. ಆ ವರ್ಷದ ಮಟ್ಟಿಗೆ ಒಬ್ಬನ ನೆಲದಲ್ಲಿ ಇನ್ನೊಬ್ಬನು ಬೆಳೆಯುತ್ತಾನೆ. ಕೊರತೆಯನ್ನು ಕಡೆಯವನ ತಲೆಗೆ ಕಟ್ಟದೆ ಎಲ್ಲರೂ ಹಂಚಿಕೊಳ್ಳುವ ಈ ಉಪಾಯದಲ್ಲಿರುವ ನ್ಯಾಯಬುದ್ಧಿಯನ್ನು ನಾನು ತುಂಬ ಮೆಚ್ಚುತ್ತೇನೆ.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ನಾನು ಹೇಳಲಾರೆ. ಅಯ್ಯನಕೆರೆಯ ಸೀಮೆಯಲ್ಲಿ ಒಂದು ಐತಿಹ್ಯವಿದೆ. ಬೇರೆ ಕೆರೆಗಳ ಬಗೆಗೂ ಇಂಥದೇ ಕಥೆಯನ್ನು ಹೇಳುವುದುಂಟು. ಕೆರೆಯ ದೇವತೆ ನೀರುಗಂಟಿಗೆ ಕಾಣಿಸಿಕೊಂಡು, ತಾನು ಏರಿಯನ್ನು ಒಡೆದು ಹೊರಡುವುದಾಗಿ ಹೇಳಿದಳಂತೆ. ಒಡೆಯನಿಗೆ ತಿಳಿಸಿ ಬರುತ್ತೇನೆ, ಅಲ್ಲಿಯವರೆಗೆ ನಿಲ್ಲು ತಾಯಿ ಎಂದು ಅವನು ಬೇಡಿಕೊಂಡ. ಅವಳು ಒಪ್ಪಿದಳು. ಸುದ್ದಿ ಕೇಳಿದ ಒಡೆಯನು, ಇವನು ಹಿಂತಿರುಗದಿದ್ದರೆ ಕೆರೆ ಎಂದೆಂದಿಗೂ ಒಡೆಯಲಾರದೆಂದು ಎಣಿಸಿ ನೀರುಗಂಟಿಯನ್ನು ಅಲ್ಲಿಯೇ ಕೊಲ್ಲಿಸಿದ. ಕೆರೆ ಉಳಿಯಿತು. ಕಥೆಯನ್ನು ತ್ಯಾಗದ ಕಥೆಯೆಂದು ಹೇಳುತ್ತಾರೆ. ಆದರೆ ತ್ಯಾಗ ಮಾಡುವೆನೆಂದು ನೀರುಗಂಟಿ ಎಲ್ಲಿಯೂ ಹೇಳಿಲ್ಲ. ಭಾಗೀರಥಿಯೂ ಹಾಗೆಯೇ: ಹಿರಿಯರು ಕೂಡಿ ತೀರ್ಮಾನಿಸಿದರು, ಕಿರಿಯ ಸೊಸೆ ಮುಳುಗಿದಳು. ಕೆರೆಯ ಹೊರೆ ಮಾತಿಲ್ಲದವರ ಮೇಲೆ ಬೀಳುತ್ತಿತ್ತೆಂಬುದಕ್ಕೆ ಇವು ಜನತೆಯೇ ಬರೆದಿಟ್ಟ ಸಾಕ್ಷ್ಯ. ನೀರುಗಂಟಿ ಎಷ್ಟೋ ಕಡೆ ಊರ ಹೊರಗಿನ ಕೇರಿಯವನು. ಎಲ್ಲರ ಗದ್ದೆಗೂ ನೀರು ಹಾಯಿಸಿ ತನಗೆಂದು ಒಂದು ಗದ್ದೆ ಇಲ್ಲದವನು.

ಈ ಏರ್ಪಾಡು ಒಂದೇ ದಿನದಲ್ಲಿ ಕುಸಿಯಲಿಲ್ಲ. ಮೈಸೂರು ಸಂಸ್ಥಾನವು ಕೆರೆಗಳ ಮರಾಮತ್ತಿನಲ್ಲಿ ಊರಿನವರನ್ನು ಒಳಗೊಳ್ಳಲೆಂದು 1911ರಲ್ಲಿ ಕೆರೆ ಪಂಚಾಯತಿಗಳ ಕಾನೂನನ್ನೇ ತಂದಿತು. ಆದರೆ ಕೆರೆ ಸರ್ಕಾರದ್ದು, ಕೆಲಸ ಮಾತ್ರ ನಿಮ್ಮದು ಎಂಬ ಮಾತಿಗೆ ಜನ ಎಷ್ಟು ಕಾಲ ಕಿವಿಗೊಟ್ಟಾರು? ಸ್ವಾತಂತ್ರ್ಯಾನಂತರ 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಮಾಡಿತು. ಹುಟ್ಟಿನಿಂದ ಬರುವ ದುಡಿಮೆಯ ಬಂಧನ ಕಳಚಿದ್ದು ಒಳ್ಳೆಯದೇ ಆಯಿತು. ಆದರೆ ಆ ಕೆಲಸವನ್ನು ಮುಂದೆ ಮಾಡುವವರು ಯಾರೆಂಬ ಪ್ರಶ್ನೆ ಉತ್ತರವಿಲ್ಲದೆ ಉಳಿಯಿತು. ಅಚ್ಚುಕಟ್ಟು 40 ಹೆಕ್ಟೇರಿಗೆ ಮೇಲ್ಪಟ್ಟರೆ ಸಣ್ಣ ನೀರಾವರಿ ಇಲಾಖೆ, ಕಡಿಮೆಯಿದ್ದರೆ ಪಂಚಾಯತಿ ಎಂದು ಕೆರೆಗಳು ಕಡತಗಳಲ್ಲಿ ಹಂಚಿಹೋದವು. ಕೊನೆಗೆ ಬಂದದ್ದು ಕೊಳವೆ ಬಾವಿ. ತನ್ನ ತೋಟದಲ್ಲೇ ನೀರು ಚಿಮ್ಮಿದ ಮೇಲೆ ಅಡಿಕೆ, ತೆಂಗಿನ ಬೆಳೆಗಾರನಿಗೆ ಏರಿಯ ಕಡೆ ನೋಡುವ ಅಗತ್ಯ ಕಾಣಲಿಲ್ಲ. ಕೊಳವೆ ಬಾವಿಗೆ ನೀರು ಕೊಡುತ್ತಿದ್ದುದು ಅದೇ ಕೆರೆಯೆಂಬುದು, ಕೆರೆ ಒಣಗಿ ಬಾವಿ ಬತ್ತಿದ ಮೇಲೆ ತಿಳಿಯಿತು.

ಇತ್ತೀಚಿನ ಪ್ರಯೋಗವೆಂದರೆ ಕೆರೆ ಬಳಕೆದಾರರ ಸಂಘ. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾದ ಜಲಸಂವರ್ಧನ ಯೋಜನೆ ನಮ್ಮ ನೆರೆಯ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಇಂಥ ಸಂಘಗಳನ್ನು ಕಟ್ಟಿತು. ಸಂಘವೆಂದರೆ ನಿಬಂಧನೆ, ಸದಸ್ಯತ್ವ, ವಂತಿಗೆ, ನಡಾವಳಿ, ವಾರ್ಷಿಕ ಮಹಾಸಭೆ. ಅಮೆರಿಕದಲ್ಲಿ ಸರೋವರದ ಸುತ್ತ ಮನೆ ಕಟ್ಟಿಕೊಂಡವರೂ ಇಂಥದೇ ಸಂಘ ಮಾಡಿಕೊಂಡು, ವಂತಿಗೆ ಹಾಕಿ, ಕಟ್ಟೆಯನ್ನೂ ನೀರನ್ನೂ ನೋಡಿಕೊಳ್ಳುವುದುಂಟು. ಅವರದು ಬಹುಮಟ್ಟಿಗೆ ನೋಟದ, ವಿಹಾರದ ಕೆರೆ. ನಮ್ಮದು ಅನ್ನದ ಕೆರೆ. ಆದರೆ ಎದುರಾಗುವ ಪ್ರಶ್ನೆಗಳು ಒಂದೇ: ಸದಸ್ಯನಾರು, ಹಣ ಎಲ್ಲಿಂದ, ನಿಯಮ ಮುರಿದವನಿಗೆ ಏನು ಶಿಕ್ಷೆ?

ಸದಸ್ಯನಾರು ಎಂಬಲ್ಲಿಯೇ ಅರ್ಧ ಜಗಳ. ಅಚ್ಚುಕಟ್ಟಿನ ಜಮೀನುದಾರರು ಮಾತ್ರ ಎಂದರೆ ಮೀನುಗಾರ, ಕುರಿಗಾಹಿ, ಕುಂಬಾರ, ನೀರು ಹೊರುವ ಹೆಂಗಸು ಹೊರಗುಳಿಯುತ್ತಾರೆ. ಕೆರೆಯ ಮೇಲ್ಭಾಗದ ಜಮೀನಿನವನೂ ಹೊರಗುಳಿಯುತ್ತಾನೆ. ಕಾಲುವೆ ಮುಚ್ಚುವ ಶಕ್ತಿ ಮಾತ್ರ ಅವನಲ್ಲೇ ಉಳಿಯುತ್ತದೆ. ಹಣದ ಮಾತಿಗೆ ಬಂದರೆ ಮೀನಿನ ಹರಾಜು, ಗೋಡುಮಣ್ಣು, ಏರಿಯ ಕೆಳಗಿನ ಮರಗಳು, ಇವು ಕೆರೆಯ ನಿಜವಾದ ಆದಾಯ. ಈ ಆದಾಯ ಕೆರೆಗೇ ಮರಳಿದ ಊರಿನಲ್ಲಿ ಸಂಘ ಉಸಿರಾಡುತ್ತದೆ; ದೇವಸ್ಥಾನದ ಗೋಪುರಕ್ಕೋ ಬೇರೆಯವರ ಜೇಬಿಗೋ ಹೋದಲ್ಲಿ ಮುಂದಿನ ವರ್ಷ ವಂತಿಗೆ ಕೊಡುವವರಿಲ್ಲ. ಇನ್ನೊಂದು ಹೊಸ ಜಗಳವನ್ನು ನಾನು ಬಯಲುಸೀಮೆಯ ಊರುಗಳಲ್ಲಿ ಕಂಡಿದ್ದೇನೆ. ಗದ್ದೆಯವನು ತೂಬು ತೆಗೆಯಿರಿ ಎನ್ನುತ್ತಾನೆ. ಬಾವಿ ಇರುವವನು ತೆಗೆಯಬೇಡಿ, ನೀರು ನಿಂತು ಇಂಗಲಿ ಎನ್ನುತ್ತಾನೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ತೂಬು ಮುಚ್ಚಿಟ್ಟಾಗ ಲಾಭ ಬಾವಿ ತೋಡಿಸಬಲ್ಲವನಿಗೆ ಹೋಗುತ್ತದೆ. ಬಾವಿಯಿಲ್ಲದ ಬಡ ಗದ್ದೆಯವನು ಯಾರೂ ಗೊತ್ತುವಳಿ ಮಾಡದೆಯೇ ತನ್ನ ಹಕ್ಕನ್ನು ಕಳೆದುಕೊಳ್ಳುತ್ತಾನೆ.

ಇಂಥ ಸಾಮೂಹಿಕ ಸ್ವತ್ತು ಹಾಳಾಗಲೇಬೇಕು, ಅದನ್ನು ಸರ್ಕಾರ ವಹಿಸಿಕೊಳ್ಳಬೇಕು ಇಲ್ಲವೇ ಮಾರಿಬಿಡಬೇಕು ಎಂದು ವಾದಿಸಿದ ಪಂಡಿತರಿದ್ದರು. ಅಮೆರಿಕದ ವಿದುಷಿ ಎಲಿನರ್ ಆಸ್ಟ್ರಂ 1990ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಾದವನ್ನು ನಿರಾಕರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಪಾಲುದಾರರು ಯಾರೆಂಬುದು ಸ್ಪಷ್ಟವಾಗಿರುವಲ್ಲಿ, ನಿಯಮಗಳನ್ನು ಅನುಸರಿಸಬೇಕಾದವರೇ ಅವನ್ನು ರೂಪಿಸುವಲ್ಲಿ, ಕಾವಲಿನವನು ಅವರಿಗೇ ಉತ್ತರ ಹೇಳಬೇಕಾದಲ್ಲಿ, ದಂಡ ಮೊದಲು ಹಗುರವಾಗಿದ್ದು ತಪ್ಪು ಮರುಕಳಿಸಿದಂತೆ ಏರುವಲ್ಲಿ, ಜನ ಶತಮಾನಗಳ ಕಾಲ ನೀರನ್ನೂ ಕಾಡನ್ನೂ ಉಳಿಸಿಕೊಂಡಿದ್ದಾರೆಂದು ಅವರು ತೋರಿಸಿದರು. ಅವರು ಗಮನಿಸಿದ ಊರುಗಳಲ್ಲಿ ಸ್ಪೇನಿನ ವಲೆನ್ಸಿಯವೂ ಒಂದು. ಅಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ದೊಡ್ಡ ಇಗರ್ಜಿಯ ಬಾಗಿಲಲ್ಲಿ, ಕಾಲುವೆಗಳ ರೈತರೇ ಆರಿಸಿದ ನ್ಯಾಯಗಾರರು ಕುಳಿತು ನೀರಿನ ವ್ಯಾಜ್ಯಗಳನ್ನು ಬಾಯಿಮಾತಿನಲ್ಲೇ ಕೇಳಿ, ಅಲ್ಲಿಯೇ ತೀರ್ಪು ಕೊಡುತ್ತಾರೆ. ನಮ್ಮ ಅರಳಿಕಟ್ಟೆಗೂ ಅದಕ್ಕೂ ಬಹಳ ದೂರವಿಲ್ಲ; ವ್ಯತ್ಯಾಸವೆಂದರೆ ಅಲ್ಲಿ ತೀರ್ಪು ಜಾರಿಯಾಗುತ್ತದೆ, ಅದಕ್ಕೆ ಸರ್ಕಾರದ ಮನ್ನಣೆಯೂ ಇದೆ.

ಈ ವಿಚಾರ ಇಂದು ನಮಗೆ ತುರ್ತಿನದು. ಭದ್ರಾ ಮೇಲ್ದಂಡೆ ಯೋಜನೆಯು ಭದ್ರಾ ಜಲಾಶಯದಿಂದ ನೀರನ್ನೆತ್ತಿ, ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗದ ಮೂಲಕ ಬಯಲಿಗೆ ತರುವ ಯೋಜನೆ. ನಮ್ಮ ಜಿಲ್ಲೆಯೂ ಸೇರಿ ಬರಪೀಡಿತ ಸೀಮೆಯ 367 ಕೆರೆಗಳನ್ನು ಅರ್ಧದಷ್ಟು ತುಂಬಿಸುವುದು ಅದರ ಒಂದು ಗುರಿ. 2019ರಲ್ಲಿ ಆ ಮಾರ್ಗವಾಗಿ ವೇದಾವತಿಗೆ ನೀರು ಹರಿಯಿತು. ಮಳೆಯೂ ಕೈಹಿಡಿದ 2022ರಲ್ಲಿ ವಾಣಿವಿಲಾಸ ಸಾಗರ, 1933ರ ಬಳಿಕ ಮೊದಲ ಬಾರಿಗೆ, ಕೋಡಿ ಬಿದ್ದಿತು. ಇದು ಸಂತೋಷದ ಸಂಗತಿ. ಆದರೆ ಕೊಳವೆಯಲ್ಲಿ ಬರುವ ನೀರಿಗೂ ಹಳ್ಳದಲ್ಲಿ ಬರುವ ನೀರಿಗೂ ಒಂದು ಭೇದವುಂಟು. ಹಳ್ಳದ ನೀರಿಗಾಗಿ ಊರು ಒಂದಾಗಿ ಕಾಲುವೆ ತೋಡಬೇಕು. ಕೊಳವೆಯ ನೀರಿಗಾಗಿ ಕಚೇರಿಗೆ ಅರ್ಜಿ ಹಾಕಿದರೆ ಸಾಕು. ತಾನಾಗಿ ಬರುವ ನೀರು ಕೆರೆಯನ್ನು ತುಂಬಿಸಿ ಊರಿನ ಒಗ್ಗಟ್ಟನ್ನು ಬತ್ತಿಸಿಬಿಟ್ಟರೆ, ಏರಿ ಬಿರಿದ ದಿನ ಮಣ್ಣಿನ ಬುಟ್ಟಿ ಹೊರಲು ಯಾರು ಬರುತ್ತಾರೆ?

ಆದುದರಿಂದ ಪಟ್ಟಣಗಳಲ್ಲಿರುವ, ಊರಿನಲ್ಲಿ ಇನ್ನೂ ಜಮೀನೋ ನೆಂಟರೋ ಉಳ್ಳ ತಮ್ಮಲ್ಲಿ ನನ್ನದೊಂದು ಬಿನ್ನಹ. ಮುಂಗಾರಿಗೆ ಮೊದಲು ಊರಿಗೆ ಹೋದಾಗ ಕೆರೆ ತುಂಬಿತೇ ಎಂದು ಕೇಳುವುದರ ಜೊತೆಗೆ ಇನ್ನು ನಾಲ್ಕು ವಿಷಯ ಕೇಳಿರಿ. ಕೆರೆಯ ಗಡಿಯನ್ನು ಅಳೆದು ಕಲ್ಲು ನೆಟ್ಟಿದ್ದಾರೆಯೇ? ಕೋಡಿಯ ಬಾಯಲ್ಲಿ ಬೆಳೆದ ಜಾಲಿಯನ್ನು ಕಡಿದಿದ್ದಾರೆಯೇ? ಕಳೆದ ಸಲದ ಮೀನಿನ ಹಣದ ಲೆಕ್ಕವನ್ನು ಸಭೆಯಲ್ಲಿ ಓದಿ ಹೇಳಿದರೇ? ತೂಬಿನ ಕೀಲಿ ಯಾರ ಕೈಯಲ್ಲಿದೆ, ಅವನಿಗೆ ಸಂಬಳ ಸಂದಿದೆಯೇ? ಈ ನಾಲ್ಕಕ್ಕೂ ಊರಿನ ಯಾರಾದರೂ ಹಿಂಜರಿಯದೆ ಉತ್ತರ ಹೇಳಬಲ್ಲರಾದರೆ ಆ ಕೆರೆಗೆ ಸದ್ಯಕ್ಕೆ ಭಯವಿಲ್ಲ. ಉತ್ತರ ಬಾರದಿದ್ದರೆ, ಒಂದು ಸಂಜೆ ಜನರನ್ನು ಕೂಡಿಸಿ, ಕೇರಿಯವರನ್ನೂ ಹೆಂಗಸರನ್ನೂ ಮರೆಯದೆ ಕರೆದು, ಒಂದು ಪುಸ್ತಕವನ್ನು ತೆರೆದು ಮೊದಲ ಪುಟದಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಬರೆದಿಡಿರಿ.