ಈಡಿಗೆ ತಕ್ಕ ದೂರ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಕೊಡಗು, ಮಲೆನಾಡು, ಕನ್ನಡ ಜಿಲ್ಲೆಗಳ ಕಡೆಯವರು ಹಲವರಿದ್ದಾರೆ. ಅವರಲ್ಲಿ ಕೆಲವರ ಊರ ಮನೆಗಳಲ್ಲಿ ಇಂದಿಗೂ ಕೋವಿ ಉಂಟು. ರಜೆಯಲ್ಲಿ ಊರಿಗೆ ಹೋದಾಗ “ನಮ್ಮಜ್ಜ ನೂರು ಗಜದಿಂದ ಹಕ್ಕಿ ಉರುಳಿಸುತ್ತಿದ್ದರು” ಎಂಬಂಥ ಮಾತು ಕೇಳಿಬರುತ್ತದೆ. ಚರೆಯ ಕೋವಿಯ ಮಟ್ಟಿಗೆ ಇದು ಎಷ್ಟು ನಿಜ? ಎಷ್ಟು ದೂರದಿಂದ ಈಡು ಹೊಡೆಯುವುದು ನ್ಯಾಯ? ಲೆಕ್ಕ ಹಾಕಿಯೇ ನೋಡೋಣ.

ಮೊದಲು ಕೋವಿಯ ವಿಚಾರ. ರೈಫಲಿನಿಂದ ಹೊರಡುವುದು ಒಂದೇ ಗುಂಡು. ಹಕ್ಕಿಗೆಂದು ತುಂಬಿದ ತೋಟಾ ಕೋವಿಯಿಂದ ಹೊರಡುವುದು ನೂರಾರು ಸಣ್ಣ ಚರೆ. ನಮ್ಮ ಕಡೆ ಹೆಚ್ಚಾಗಿ ಕಾಣುವುದು 12 ಬೋರಿನದು. ಒಂದು ಪೌಂಡು ಸೀಸವನ್ನು 12 ಸಮ ಗುಂಡುಗಳಾಗಿ ಮಾಡಿದರೆ ಒಂದು ಗುಂಡು ಎಷ್ಟು ದಪ್ಪವೋ ಅಷ್ಟು ಅದರ ನಳಿಗೆಯ ಅಗಲ. ಹೆಸರು ಬಂದದ್ದು ಹಾಗೆ. ನಳಿಗೆ ಬಿಟ್ಟ ಚರೆ ಮುಂದೆ ಹೋದಂತೆಲ್ಲ ಚದುರುತ್ತದೆ. ನಳಿಗೆಯ ತುದಿಯನ್ನು ಸ್ವಲ್ಪ ಕಿರಿದು ಮಾಡಿದ್ದರೆ ಚದುರುವುದು ಕಡಿಮೆ. ಇದಕ್ಕೆ ಚೋಕ್ ಎನ್ನುತ್ತಾರೆ. ಪೂರ್ಣ ಚೋಕಿನ ನಳಿಗೆಯಾದರೆ 40 ಗಜದಲ್ಲಿ 30 ಅಂಗುಲ ಅಡ್ಡಳತೆಯ ವೃತ್ತದೊಳಗೆ ನೂರಕ್ಕೆ ಸುಮಾರು 70 ಚರೆ ಬೀಳುತ್ತವೆ. ಚೋಕಿಲ್ಲದ್ದಾದರೆ ಸುಮಾರು 40 ಮಾತ್ರ.

ತೋಟೆಯಲ್ಲಿ 250 ಚರೆ ಇವೆ ಎಂದಿಟ್ಟುಕೊಳ್ಳಿ. ಪೂರ್ಣ ಚೋಕಿನಲ್ಲಿ ವೃತ್ತದೊಳಗೆ ಬೀಳುವುದು 175. ಆ ವೃತ್ತದ ವಿಸ್ತೀರ್ಣ ಸುಮಾರು 707 ಚದರಂಗುಲ. ಅಂದರೆ 4 ಚದರಂಗುಲಕ್ಕೆ ಒಂದೇ ಚರೆ! ದೂರ ಇಮ್ಮಡಿಯಾದರೆ ಹರಡುವ ಜಾಗ ನಾಲ್ಮಡಿಯಾಗುತ್ತದೆ. ಈ ಲೆಕ್ಕದಂತೆ 60 ಗಜದಲ್ಲಿ 9 ಚದರಂಗುಲಕ್ಕೆ, ಅಜ್ಜನ 100 ಗಜದಲ್ಲಿ 25 ಚದರಂಗುಲಕ್ಕೆ ಒಂದು ಚರೆ. ಸಾಲದೆಂಬಂತೆ ಚರೆ ಹಗುರ; ಗಾಳಿಯ ತಡೆಗೆ ಅದರ ವೇಗ ಬೇಗನೆ ಇಳಿದುಹೋಗುತ್ತದೆ.

ಈ ವಿಷಯವನ್ನು ಬಹಳವಾಗಿ ಚರ್ಚಿಸಿದವರು ಅಮೆರಿಕದ ಟರ್ಕಿ ಕೋಳಿಯ ಬೇಟೆಗಾರರು. ಅಲ್ಲಿ ಕಾನೂನಿನ ಮಿತಿಯೊಳಗೆ, ಗೊತ್ತಾದ ಋತುವಿನಲ್ಲಿ ಆ ಬೇಟೆಗೆ ಅನುಮತಿಯಿದೆ. ಟರ್ಕಿ ದೊಡ್ಡ ಹಕ್ಕಿ. ಮೈಮೇಲೆ ದಟ್ಟ ಗರಿ, ಅದರಡಿ ದಪ್ಪ ಮಾಂಸ. ಮೈಗೆ ಹೊಡೆದರೆ ಅದು ಗಾಯಗೊಂಡು ಓಡಿಹೋಗಿ ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ. ಆದುದರಿಂದ ಗುರಿ ತಲೆ ಮತ್ತು ಕೊರಳಿಗೆ ಮಾತ್ರ. ಅಲ್ಲಿ ಪ್ರಾಣ ತೆಗೆಯುವ ಜಾಗವೋ ಕೆಲವೇ ಚದರಂಗುಲ. 40 ಗಜವೇ ಕೊನೆಯ ಮಿತಿ ಎಂದು ಅವರ ಹಿರಿಯರು ಹೇಳುತ್ತ ಬಂದಿರುವುದು ಇದಕ್ಕಾಗಿಯೇ. ಸೀಸಕ್ಕಿಂತ ಭಾರವಾದ ಟಂಗ್‌ಸ್ಟನ್ ಚರೆ ಈಗ ಬಂದಿದೆ, ಇನ್ನೂ ದೂರ ಹೊಡೆಯಬಹುದು ಎನ್ನುವವರಿದ್ದಾರೆ. ಆದರೆ ವಿವೇಕಿಗಳು ಹೆಣ್ಣುಕೋಳಿಯ ಕೂಗನ್ನು ಅನುಕರಿಸಿ ಹುಂಜವನ್ನು ಹತ್ತಿರಕ್ಕೆ ಕರೆಯುತ್ತಾರೆ. ಬಾರದಿದ್ದರೆ ಕೋವಿ ಇಳಿಸುತ್ತಾರೆ. ಕೂರುವ ಮೊದಲೇ ಹೆಜ್ಜೆಯಿಂದ ಅಳೆದು ಒಂದು ಮರವನ್ನು ಗುರುತಿಟ್ಟುಕೊಳ್ಳುತ್ತಾರೆ. ತಮ್ಮ ಕೋವಿಯ ಅಳವು ತಿಳಿಯಲು ಕಾಗದಕ್ಕೆ ಹೊಡೆದು ತೂತುಗಳನ್ನು ಎಣಿಸಿ ನೋಡುತ್ತಾರೆ.

40 ಗಜವೆಂದರೆ ಎಷ್ಟು? ನಮ್ಮ ಲೋಕಲ್ ಗಾಡಿಯ ಒಂದು ಡಬ್ಬಿ ಸುಮಾರು 20 ಮೀಟರು. ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ಎರಡು ಡಬ್ಬಿಯ ಆಚೆ ತುದಿಗೆ ಕಣ್ಣು ಹಾಯಿಸಿರಿ; 40 ಗಜ ಅದಕ್ಕಿಂತ ಸ್ವಲ್ಪ ಕಡಿಮೆ. ಅಲ್ಲಿ ಕುಳಿತ ಕಾಗೆಯ ತಲೆ ಎಷ್ಟು ಚಿಕ್ಕದಾಗಿ ಕಾಣುತ್ತದೆಂಬುದನ್ನು ನೋಡಿದರೆ ಈ ಮಿತಿಯ ಅರ್ಥ ತಾನಾಗಿ ತಿಳಿಯುತ್ತದೆ.

ಇನ್ನು ನಮ್ಮ ದೇಶದ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದಕ್ಕೆ 1991ರಲ್ಲಿ ಆದ ತಿದ್ದುಪಡಿಯ ಮೇಲೆ ಮೋಜಿನ ಬೇಟೆಗೆ ಇಲ್ಲಿ ಎಡೆಯೇ ಇಲ್ಲ. ಕಾಡುಕೋಳಿಗೆ ನ್ಯಾಯವಾದ ದೂರವೆಂಬುದು ಇಲ್ಲ. ನವಿಲನ್ನು ಕೊಂದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ. ಹಂದಿ ಬೆಳೆ ತಿಂದಿತೆಂದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಬೆಳೆರಕ್ಷಣೆಗೆ ಕೊಟ್ಟ ಕೋವಿಯ ಲೈಸೆನ್ಸು ಬೇಟೆಯ ಪರವಾನಗಿಯಲ್ಲ. ಕೊಡಗಿನವರಿಗೆ 1861ರಿಂದ ಬಂದ ಕೋವಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ, 2029ರ ವರೆಗೆ ಮುಂದುವರಿಸಿತು. ಅದೂ ಕೋವಿ ಇಟ್ಟುಕೊಳ್ಳುವುದಕ್ಕೆ, ಪ್ರಾಣಿ ಕೊಲ್ಲುವುದಕ್ಕಲ್ಲ. ಕೈಲ್‌ಪೊಳ್ದಿನಲ್ಲಿ ಆಯುಧಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪದ್ಧತಿ ಎಷ್ಟು ಚೆಂದ! ಗುರಿಗಾರಿಕೆಯೂ ಉಳಿಯಿತು, ಜೀವವೂ ಉಳಿಯಿತು.

ಆದರೂ ದೂರದ ಲೆಕ್ಕ ನಮಗೆ ಬೇಕು. ಹಕ್ಕಿಯನ್ನು ಕೊಲ್ಲಲಾರದ ದೂರದಲ್ಲೂ ಚರೆ ಮನುಷ್ಯನ ಕಣ್ಣು ಕಳೆಯಬಲ್ಲದು. ಸಣ್ಣ ಚರೆಯೂ 200 ಗಜ ದಾಟಿ ಹೋಗುತ್ತದೆ. ಗುರಿಯ ಹಿಂದೆ ಏನಿದೆ, ಯಾರಿದ್ದಾರೆ ಎಂದು ತಿಳಿಯದೆ ಕುದುರೆ ಎಳೆಯಬಾರದು. ಪೊದೆ ಅಲುಗಿತೆಂದು ಹೊಡೆದ ಈಡು ನೆರೆಮನೆಯವನಿಗೇ ತಗಲಿದರೆ ಮಾಡುವುದೇನು? ಹಬ್ಬಕ್ಕೆ ಊರಿಗೆ ಹೋಗುವ ತರುಣರು “ಕಾಡಿಗೆ ಬಾ” ಎಂದು ಕರೆದ ಭಾವ ಮೈದುನರಿಗೆ ಈ ಮಾತನ್ನು ತಿಳಿಸಿ ಹೇಳಬೇಕು. ಹಕ್ಕಿಯ ಮೇಲೆ ಅಷ್ಟು ಆಸೆಯಿದ್ದರೆ ಚಳಿಗಾಲದಲ್ಲಿ ಠಾಣೆ ಖಾಡಿಗೆ ಬನ್ನಿರಿ. 2015ರಲ್ಲಿ ಅದನ್ನು ರಾಜಹಂಸಗಳ ಅಭಯಧಾಮವೆಂದು ಸಾರಿದ್ದಾರೆ. ದುರ್ಬೀನು ಒಂದಿದ್ದರೆ ಸಾಕು; ಅದಕ್ಕೆ ನಲವತ್ತು ಗಜದ ಕಟ್ಟಳೆಯಿಲ್ಲ.