ಗಿಡಕ್ಕೆ ಎಷ್ಟು ಬಿತ್ತು?

ಅಂಚೆಯಲ್ಲಿ ಬೀಜ ತರಿಸುವವರ ಮನೆಗೆ ಹೋದರೆ ಫ್ರಿಜ್ಜಿನ ಬಾಗಿಲು ತೆರೆದು ನೋಡಬೇಕು. ಮೊಟ್ಟೆ ಇಡುವ ಗುಳಿಗಳಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಪೊಟ್ಟಣಗಳೇ ತುಂಬಿರುತ್ತವೆ. ನಮ್ಮ ಮನೆಯಲ್ಲಿ ಮೊನ್ನೆ ಎಣಿಸಿದೆ: 23 ಪೊಟ್ಟಣ, ಅದರಲ್ಲಿ ವಾಯಿದೆ ಮುಗಿದವು 14. ಒಂದಕ್ಕೆ 30 ರೂಪಾಯಿ ಹಿಡಿದರೂ 420 ರೂಪಾಯಿ ಮಣ್ಣು ಮುಟ್ಟದೆಯೇ ಮಣ್ಣುಪಾಲು. ಅದಕ್ಕೇ ಈ ಸಲ ಮುಂದಿನ ವರ್ಷದ ಕೈತೋಟಕ್ಕೆ ಪಟ್ಟಿ ಹಾಕಲು ಕೂತಾಗ, ಬಣ್ಣಬಣ್ಣದ ಬೀಜಪಟ್ಟಿಗಳನ್ನು ಆಚೆ ಸರಿಸಿ ಮೊದಲು ತಾರಸಿಗೆ ಹೋಗಿ ಚೀಲ ಎಣಿಸಿದೆ.

40 ಗ್ರೋ ಬ್ಯಾಗ್‌ಗಳಿವೆ. ಟೊಮೆಟೊಗೆ 8, ಬದನೆಗೆ 4, ಮೆಣಸಿನಕಾಯಿಗೆ 6, ಹೀರೆಗೆ 4. ಇವಕ್ಕೆಲ್ಲ ಚೀಲಕ್ಕೊಂದು ಗಿಡ. ಬೆಂಡೆಗೆ 12 ಚೀಲ, ತಲಾ ಎರಡು ಗಿಡ. ಬೀನ್ಸಿಗೆ 6 ಚೀಲ, ತಲಾ ನಾಲ್ಕು. ಬಿತ್ತಿದ್ದೆಲ್ಲ ಹುಟ್ಟುವುದಿಲ್ಲವಲ್ಲ, ಆ ಲೆಕ್ಕಕ್ಕೆ ಪ್ರಮಾಣಿತ ಬೀಜಕ್ಕೆ ಸರ್ಕಾರ ನಿಗದಿ ಮಾಡಿರುವ ಕನಿಷ್ಠ ಮೊಳಕೆ ಪ್ರಮಾಣವನ್ನೇ ಹಿಡಿದೆ. ಟೊಮೆಟೊ, ಬದನೆಗೆ ಶೇ. 70, ಬೆಂಡೆಗೆ 65, ಮೆಣಸಿನಕಾಯಿ, ಹೀರೆಗೆ 60, ಬೀನ್ಸಿಗೆ 75. ಭಾಗಿಸಿ ನೋಡಿದರೆ ಟೊಮೆಟೊ 12 ಬೀಜ, ಬದನೆ 6, ಮೆಣಸಿನಕಾಯಿ 10, ಬೆಂಡೆ 37, ಬೀನ್ಸ್ 32, ಹೀರೆ 7. ಒಟ್ಟು 104.

ಇಡೀ ತಾರಸಿಗೆ ನೂರಾನಾಲ್ಕು ಬೀಜ! ತೂಕ ಹಾಕಿದರೆ ಸುಮಾರು 14 ಗ್ರಾಂ, ಅದರಲ್ಲೂ ಮುಕ್ಕಾಲು ಪಾಲು ಬೀನ್ಸೇ. ಬೀನ್ಸ್ ಗ್ರಾಂಗೆ ಮೂರೇ ಬೀಜ ತೂಗುತ್ತದೆ, ಬೆಂಡೆ ಹದಿನಾರರ ಆಸುಪಾಸು, ಟೊಮೆಟೊ ಮುನ್ನೂರರ ಹತ್ತಿರ. ರೈತರಿಗೆಂದು ಮಾರುವ 10 ಗ್ರಾಂ ಹೈಬ್ರಿಡ್ ಟೊಮೆಟೊ ಪೊಟ್ಟಣದಲ್ಲಿ ಆರೂವರೆ ಗುಂಟೆಗಾದರೂ ಆಗುವಷ್ಟು ಬೀಜವಿರುತ್ತದೆ. ಅಗ್ಗವೆಂದು ಅದನ್ನು ತರಿಸಿದ ತಾರಸಿಯವರು ನನ್ನ ಪರಿಚಯದಲ್ಲೇ ಇದ್ದಾರೆ. ನಾನೂ ಒಮ್ಮೆ ತರಿಸಿದ್ದೆ ಅನ್ನಿ.

ಬೆಂಡೆಗೆ 24 ಗಿಡ ಯಾಕೆ ಅಂದರೆ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿಗೆ ಹೇಳುವ ಇಳುವರಿ ಹೆಕ್ಟೇರಿಗೆ 20 ಟನ್, ಅಂದರೆ ಚದರ ಮೀಟರಿಗೆ 2 ಕೆಜಿ. ಎರಡಡಿಗೊಂದು ಸಾಲು, ಅಡಿಗೊಂದು ಗಿಡ ಎಂದರೆ ಗಿಡಕ್ಕೆ 360 ಗ್ರಾಂ. ಅದು ಹೊಲದ ಮಾತು. ಚೀಲದಲ್ಲಿ ಅರ್ಧ ಸಿಕ್ಕರೆ 24 ಗಿಡಕ್ಕೆ 4 ಕೆಜಿ ಚಿಲ್ಲರೆ. ಎಂಟು ವಾರ ಕೊಯ್ದರೆ ವಾರಕ್ಕೆ ಅರ್ಧ ಕೆಜಿ. ನಮ್ಮ ಮನೆಗೆ ಒಂದು ಹೊತ್ತಿನ ಗೊಜ್ಜು, ಒಂದಿಷ್ಟು ಪಲ್ಯ.

ಈಗ ದರ. ಒಂದು ಪಟ್ಟಿಯಲ್ಲಿ 25 ಟೊಮೆಟೊ ಬೀಜಕ್ಕೆ 30 ರೂಪಾಯಿ, ಇನ್ನೊಂದರಲ್ಲಿ 2 ಗ್ರಾಂಗೆ 80 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲನೆಯದು ಬೀಜಕ್ಕೆ 1 ರೂಪಾಯಿ 20 ಪೈಸೆ, ಎರಡನೆಯದು 13 ಪೈಸೆ. ಎರಡನೆಯದೇ ಸೋವಿ ಅನ್ನಿಸುತ್ತದೆ. ಆದರೆ ನಾನು ನೆಡುವುದು ಎಂಟೇ ಗಿಡ. ಮೊದಲನೆಯದರಲ್ಲಿ ಗಿಡಕ್ಕೆ 3 ರೂಪಾಯಿ 75 ಪೈಸೆ ಬೀಳುತ್ತದೆ, ಎರಡನೆಯದರಲ್ಲಿ 10 ರೂಪಾಯಿ. ಐದು ಮನೆಯವರು ಹಂಚಿಕೊಂಡರೆ ಮಾತ್ರ ಎರಡನೆಯದು 2 ರೂಪಾಯಿಗೆ ಇಳಿಯುತ್ತದೆ. ಗ್ರಾಮೂ ಇಲ್ಲದೆ, ಎಣಿಕೆಯೂ ಇಲ್ಲದೆ ಬರೀ ‘1 ಪ್ಯಾಕೆಟ್’ ಎಂದು ಬರೆದ ಪಟ್ಟಿಗಳೂ ಇವೆ. ಅಂಥವನ್ನು ನಾನು ಮುಂದಕ್ಕೆ ಓದುವುದಿಲ್ಲ.

ಕೊರಿಯರ್ ಖರ್ಚನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆರು ಪೊಟ್ಟಣಕ್ಕೆ 180, ಕೊರಿಯರ್‌ಗೆ 80, ಒಟ್ಟು 260 ಎಂದರೆ ಹತ್ತರಲ್ಲಿ ಮೂರು ಪಾಲು ಸಾಗಣೆಗೇ ಹೋಯಿತು. ‘500ರ ಮೇಲೆ ಕೊರಿಯರ್ ಉಚಿತ’ ಎಂಬ ಸಾಲು ಕಾಣುವುದು ಆಗಲೇ. ಆ 80 ಉಳಿಸಲು ಇನ್ನೂ 320ರ ಬೀಜ ಸೇರಿಸಿದರೆ ಕೈಯಿಂದ ಹೆಚ್ಚಿಗೆ ಹೋಗುವುದು 240. ನಮ್ಮ ಫ್ರಿಜ್ಜಿನ ಬ್ರೊಕೋಲಿ, ಲೆಟ್ಯೂಸ್, ನೇರಳೆ ಕ್ಯಾರೆಟ್ಟು ಬಂದದ್ದು ಹೀಗೆ.

ತಾರೀಖಿನ ವಿಷಯ ಇನ್ನೂ ಮುಖ್ಯ. ನೋಡಬೇಕಾದದ್ದು ಪ್ಯಾಕ್ ಮಾಡಿದ ದಿನವನ್ನಲ್ಲ, ಪರೀಕ್ಷೆ ಮಾಡಿದ ದಿನವನ್ನು. ವಾಯಿದೆ ಒಂಬತ್ತು ತಿಂಗಳು ಓಡುವುದು ಅಲ್ಲಿಂದ. ಸೆಪ್ಟೆಂಬರಿನಲ್ಲಿ ಪರೀಕ್ಷೆಯಾದ ಬೀಜವನ್ನು ಡಿಸೆಂಬರಿನಲ್ಲಿ ತರಿಸಿ ಜೂನ್ ಮಳೆಗೆ ಬಿತ್ತುತ್ತೇನೆಂದರೆ ವಾಯಿದೆಯ ಕೊನೆಗೆ ಬಂದು ನಿಂತಂತೆ. ಟೊಮೆಟೊ ಒಣಗಿದ್ದು ತಂಪಾಗಿದ್ದರೆ ಮೂರ್ನಾಲ್ಕು ವರ್ಷವೂ ತಾಳುತ್ತದೆ. ಈರುಳ್ಳಿ ಬೀಜ ವರ್ಷ ದಾಟುವುದೇ ಕಷ್ಟ. ಹಾಗಾಗಿ ಪಟ್ಟಿ ಈಗಲೇ ಬರೆಯುತ್ತೇನೆ, ಆರ್ಡರ್ ಎರಡು ಕಂತಿನಲ್ಲಿ.

ಹೋದ ವರ್ಷದ ದೊಣ್ಣೆಮೆಣಸಿನಕಾಯಿಯ ಕಥೆ ಕೇಳಿ. 30 ಬೀಜಕ್ಕೆ 45 ರೂಪಾಯಿ ಕೊಟ್ಟಿದ್ದೆ. ಅನುಮಾನ ಬಂದು 20 ಬೀಜವನ್ನು ಒದ್ದೆ ಪಂಚೆ ತುಂಡಿನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನ ತಲೆಯ ಮೇಲಿಟ್ಟೆ. ಅಲ್ಲಿ ಸದಾ ಬೆಚ್ಚಗಿರುತ್ತದೆ. ಹದಿನಾಲ್ಕನೇ ದಿನ ಬಿಚ್ಚಿದಾಗ ಮೊಳೆತದ್ದು ಏಳು. ಉಳಿದವು ಬೆರಳಲ್ಲಿ ಒತ್ತಿದರೆ ಪಿಚ್ಚೆಂದವು. ಶೇ. 35. ಅರವತ್ತರ ಲೆಕ್ಕದಲ್ಲಿ ಸಸಿಗೆ ಎರಡೂವರೆ ರೂಪಾಯಿ ಬೀಳಬೇಕಾದದ್ದು ಸುಮಾರು 4 ರೂಪಾಯಿ 30 ಪೈಸೆ ಆಯಿತು. 1 ರೂಪಾಯಿ 80 ಪೈಸೆ ದೊಡ್ಡದಲ್ಲ. ಪರೀಕ್ಷೆ ಮಾಡದೆ ನೇರ ಬಿತ್ತಿದ್ದರೆ ಚೀಲಕ್ಕೆ 20 ಲೀಟರಿನಂತೆ ತುಂಬಿದ ಮಣ್ಣು, ಕೋಕೋಪೀಟು, ಗೊಬ್ಬರ ಮೂರು ವಾರ ಖಾಲಿ ಕೂರುತ್ತಿತ್ತು. ಅಂಗಡಿಯವರಿಗೆ ಫೋಟೊ ಕಳಿಸಿದೆ. “ನೀರು ಜಾಸ್ತಿ ಆಗಿರಬೇಕು ಸಾರ್” ಎಂದರು.

ಅಂಚೆಯಲ್ಲಿ ತರಿಸಲೇಬಾರದವೂ ಇವೆ. ಮೆಂತ್ಯ, ಕೊತ್ತಂಬರಿ ಸಾಸಿವೆ ಡಬ್ಬಿಯ ಪಕ್ಕದಲ್ಲೇ ಇರುತ್ತವೆ. 10 ಗ್ರಾಂ ಕೊತ್ತಂಬರಿಗೆ 30 ರೂಪಾಯಿ ಕೊಟ್ಟರೆ ಕಿಲೋಗೆ 3,000 ಆಯಿತು. ಆ ದರಕ್ಕೆ ಯಾವ ಸಾರೂ ರುಚಿಸದು. ಬಸಳೆ, ಪುದೀನಕ್ಕೆ ಪಕ್ಕದ ಮನೆಯ ಕಡ್ಡಿ ಸಾಕು.

ಕೊನೆಗೆ ಬೆಂಡೆಯನ್ನು ನಾಲ್ಕು ಮನೆಯವರು ಸೇರಿ 10 ಗ್ರಾಂ ತರಿಸಿದೆವು. ದಿನಪತ್ರಿಕೆ ಹಾಸಿ ಎಣಿಸಿದರೆ 160. ತಲಾ 37 ಹೋಗಿ 12 ಉಳಿಯಿತು. ಕೆಳಮನೆ ಅಜ್ಜಿಗೆ ಕೊಡಲು ಹೋದೆ.

“ನಾಟಿನಾ, ಹೈಬ್ರಿಡ್ಡಾ?” ಅಂದರು.

“ನಾಟಿ ಅಲ್ಲ ಅಜ್ಜಿ, ಸಂಸ್ಥೆ ತಳಿ. ಹೈಬ್ರಿಡ್ಡೂ ಅಲ್ಲ, ಬೀಜ ಹಿಡೀಬಹುದು.”

“ಹಾಗಾದ್ರೆ ಕೊಡಪ್ಪ. ಎರಡು ಕಾಯಿ ಒಣಗೋಕೆ ಬಿಡ್ತೀನಿ. ಬರೋ ವರ್ಷ ಎಲ್ಲೂ ತರಿಸ್ಬೇಡ.”

ಚೆನ್ನಾಗಿ ಬಲಿತ ಒಂದು ಬೆಂಡೆಕಾಯಲ್ಲಿ 40-50 ಬೀಜ ಇರುತ್ತವೆ. ನನಗೆ ಬೇಕಾದದ್ದು 37.